ಬಿಳಿ ಮರಳು

ನಮ್ಮ ಅತ್ತಿಗೆಯ ಕೈ ಸುಮ್ಮನಿರುವುದಿಲ್ಲ. ರೋಗದ ಮೂಲ ಅದು. ಮಿಕ್ಕಿದ್ದೆಲ್ಲ ಅದರ ಬೆನ್ನಿಗೆ ಬಂದದ್ದು.

ಹೆರಿಗೆ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ನರ್ಸಾಗಿ ಸೇರಿದವಳು, ಈಗ ಅಲ್ಲಿನ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ಆವಿಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ವಿಭಾಗಕ್ಕೆ ಯಜಮಾನಿ. ಮನೆಯಲ್ಲೂ ಅದೇ ದರ್ಬಾರು. ಲೋಟ ತೊಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ತೊಳೆಯುತ್ತಾಳೆ. "ಇನ್ನೊಂದ್ಸಲ ಉಜ್ಜಿದ್ರೆ ಲೋಟ ತೂತು ಬೀಳತ್ತೆ ಅತ್ತಿಗೆ" ಎಂದು ನಾನು ರೇಗಿಸಿದರೆ, "ನಿನ್ನ ನಾಲಿಗೆ ಉಜ್ಜಕ್ಕೆ ಆಗಲ್ವಲ್ಲ, ಅದಕ್ಕೆ ಲೋಟ ಉಜ್ತೀನಿ" ಎನ್ನುತ್ತಾಳೆ. ಬೀದಿಯ ತುದಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಬಿಗಿಯಾದ ಪ್ಯಾಂಟು ಸಡಿಲ ಮಾಡುವುದು, ಕಿತ್ತ ಜಿಪ್ಪು ಹಾಕುವುದು ನನ್ನ ಕಸುಬು. ಮದುವೆಯ ಗೋಜಿಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದುಬಿಟ್ಟವಳು ನಾನು. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹಾವೂ ಮುಂಗುಸಿಯೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು.

ಮನೆಗೆ ಇರುವುದು ಒಂದೇ ಮಗು, ನಮ್ಮ ಹುಡುಗಿ. ಕಾಲೇಜು ಸೇರಿದ ವರ್ಷವೇ ಅವಳ ರಕ್ತ ಕೆಟ್ಟಿತು. ಔಷಧಿ ಹಾಕಿದರು, ಹೋಯಿತು ಎಂದರು, ಮತ್ತೆ ಬಂತು. ಕೊನೆಗೆ ಡಾಕ್ಟರು ಹೇಳಿದ್ದು ಇಷ್ಟು: ಅವಳ ಮೂಳೆಯೊಳಗಿನ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಅಳಿಸಿ, ಅವಳಪ್ಪನದನ್ನು, ಎಂದರೆ ನಮ್ಮಣ್ಣನದನ್ನು, ಹಾಕುತ್ತೇವೆ, ಅದು ಬೇರು ಹಿಡಿದು ಹೊಸ ರಕ್ತಕಣ ಹುಟ್ಟಿಸುವವರೆಗೆ ಕಾಯಬೇಕು, ಅಲ್ಲಿಯವರೆಗೆ ಒಂದು ನೆಗಡಿಯೂ ಅವಳನ್ನು ಕೊಲ್ಲಬಹುದು. ಅಳಿಸುವುದೂ ಆಯಿತು, ಹಾಕುವುದೂ ಆಯಿತು. ಗಾಜಿನ ಬಾಗಿಲಿನ ಆ ಕೋಣೆಯಲ್ಲಿ ಅವಳ ಜೊತೆ ಒಬ್ಬರು ಮಾತ್ರ ಇರಬಹುದು. ಅತ್ತಿಗೆ ಇದ್ದಳು. ಒಂದು ಬೆಳಿಗ್ಗೆ ಅವಳಿಗೆ ಸೀನು ಬಂತು.

ಒಂದೇ ಒಂದು ಸೀನು! ಜೀವಮಾನವಿಡೀ ಬೇರೆಯವರನ್ನು "ಚಪ್ಪಲಿ ಬಿಚ್ಚಿ, ಆಚೆ ನಿಲ್ಲಿ" ಎಂದು ಗದರಿಸಿದವಳನ್ನು, ಅವಳ ಅರ್ಧ ವಯಸ್ಸಿನ ನರ್ಸೊಬ್ಬಳು ಬಾಗಿಲಾಚೆ ನಿಲ್ಲಿಸಿದಳು. ಅತ್ತಿಗೆ ಎದುರು ಮಾತಾಡಲಿಲ್ಲವಂತೆ. ಅವಳ ಜಾಗದಲ್ಲಿದ್ದಿದ್ದರೆ ತಾನೂ ಹಾಗೇ ಮಾಡುತ್ತಿದ್ದೆ ಅಂದಳು. ಅಣ್ಣ ಒಳಗೆ ಹೋದ, ಅತ್ತಿಗೆ ಮೂಗು ಸುರಿಸಿಕೊಂಡು ಮನೆಗೆ ಬಂದಳು. ನೆಗಡಿ ಪೂರ್ತಿ ಹೋಗುವವರೆಗೆ ಆಸ್ಪತ್ರೆಯ ಮೇಲಿನ ಮಹಡಿ ಹತ್ತುವಂತಿಲ್ಲ, ಅವಳ ಕೆಲಸಕ್ಕೂ ರಜೆ. ಮಗಳು ಅಲ್ಲಿ, ತಾಯಿ ಇಲ್ಲಿ, ಕೈ ಖಾಲಿ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂಬ ಗಾದೆ ನನಗೆ ಆವತ್ತೇ ನೆನಪಾಗಬೇಕಿತ್ತು.

ಹಜಾರದಲ್ಲಿ, ಬೇರೆಯವರ ಮನೆಯಲ್ಲಿ ಟಿವಿ ಇರುವ ಜಾಗದಲ್ಲಿ, ನಮ್ಮ ಹುಡುಗಿಯ ಉಪ್ಪುನೀರಿನ ಟ್ಯಾಂಕು ಇದೆ. ಹೈಸ್ಕೂಲಿನಲ್ಲಿದ್ದಾಗ ಹಟ ಮಾಡಿ ತರಿಸಿಕೊಂಡದ್ದು. ಅದರಲ್ಲಿ ಕಂದುಬಣ್ಣಕ್ಕೆ ತಿರುಗಿದ ಮರಳು, ನೇರಳೆ ಹಸಿರು ಹಕ್ಕಳೆ ಕಟ್ಟಿದ ಕಲ್ಲುಗಳು, ಕಲ್ಲಿನ ತೂತುಗಳಿಂದ ಇಣುಕುವ ಕೂದಲೆಳೆಯಂಥ ಹುಳಗಳು, ಮತ್ತು ಒಂದೇ ಒಂದು ಮೀನು. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟಿ. ಹೆಸರು ದೊಡ್ಡಮ್ಮ. ನೀರಿಗೆ ಯಾರು ಕೈ ಹಾಕಿದರೂ ಬಂದು ಕಚ್ಚುತ್ತಿದ್ದಳು. "ಮನೆಗೆ ಬಂದೋರ್ನೆಲ್ಲ ಗದರಿಸೋದು ದೊಡ್ಡಮ್ಮಂದಿರ ಕೆಲಸ ತಾನೇ" ಎಂದು ಹುಡುಗಿಯೇ ಇಟ್ಟ ಹೆಸರು.

ಆಸ್ಪತ್ರೆಗೆ ಹೊರಡುವ ದಿನ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದ್ದಳು. "ಅತ್ತೆ, ದೊಡ್ಡಮ್ಮನ್ನ ನೋಡ್ಕೋ. ಊಟ ಹಾಕು, ನೀರು ಕಮ್ಮಿಯಾದ್ರೆ ತುಂಬ್ಸು. ಅಷ್ಟೇ. ಬೇರೇನೂ ಮಾಡ್ಬೇಡ, ಯಾರಿಗೂ ಮಾಡಕ್ಕೆ ಬಿಡ್ಬೇಡ. ಅವಳಿಲ್ದಿರೋ ಮನೆಗೆ ನಾನು ಬರಲ್ಲ ನೋಡು."

"ನೀನು ಬರೋ ಹೊತ್ತಿಗೆ ಇನ್ನೂ ಎರಡು ಸುತ್ತು ದಪ್ಪ ಆಗಿರ್ತಾಳೆ, ಹೋಗೇ" ಎಂದಿದ್ದೆ ನಾನು.

ಆವತ್ತು ಅಂಗಡಿ ಮುಚ್ಚಿ ಬಂದಾಗ ಮನೆಯೆಲ್ಲ ಈಜುಕೊಳದ ಹಾಗೆ ವಾಸನೆ ಹೊಡೆಯುತ್ತಿತ್ತು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಟ್ಯಾಂಕಿನ ಮುಂದೆ ನಿಂತಿದ್ದಳು. ಒಳಗೆ ಸಕ್ಕರೆಯಷ್ಟು ಬೆಳ್ಳಗಿನ ಹೊಸ ಮರಳು. ಹೊಸ ಕಲ್ಲುಗಳು, ಅವೂ ಬೆಳ್ಳಗೆ. ಗಾಜಿನಲ್ಲಿ ಮುಖ ಕಾಣುತ್ತಿತ್ತು. ಮೂಲೆಯಲ್ಲಿ ದೊಡ್ಡಮ್ಮ ತಪ್ಪು ಮನೆಗೆ ಬಂದ ನೆಂಟಳಂತೆ ಸುಮ್ಮನೆ ನಿಂತಿದ್ದಳು.

"ಹಳೇದೆಲ್ಲ ಎಲ್ಲಿ?"

"ಕಸದ ಗಾಡಿಗೆ ಹಾಕ್ದೆ. ಆ ಮರಳಲ್ಲಿ ಏನೇನಿತ್ತು ಗೊತ್ತಾ? ಹುಳ! ಹರಿದಾಡೋ ಹುಳ! ಡಾಕ್ಟ್ರು ಏನಂದ್ರು, ಮಣ್ಣು, ಕೊಳೆ, ಪಾಚಿ ಯಾವುದೂ ಹತ್ರ ಇರಬಾರ್ದು ಅಂದ್ರೋ ಇಲ್ವೋ? ನೀರು ಸೋಸೋ ಸ್ಪಂಜೂ ಕುದಿಸ್ಬಿಟ್ಟೆ." ಆಮೇಲೆ ಹಸಿರು ಬಟ್ಟೆಯೊಂದನ್ನು ತಂದು ತೋರಿಸಿದಳು. ಹೊಸ ಕಲ್ಲುಗಳನ್ನೂ ಅದರಲ್ಲಿ ಸುತ್ತಿ, ತನ್ನ ಆಸ್ಪತ್ರೆಗೆ ಕಳಿಸಿ, ಕತ್ತರಿ ಚಿಮಟಗಳ ಜೊತೆ ಆವಿಯಲ್ಲಿ ಬೇಯಿಸಿ ತರಿಸಿದ್ದಳು ಪುಣ್ಯಾತ್ಗಿತ್ತಿ. ಬಟ್ಟೆಗೆ ಅಂಟಿಸಿದ ಪಟ್ಟಿಯ ಗೆರೆಗಳು ಕಪ್ಪಗಾಗಿದ್ದವು. "ಗೆರೆ ಕಪ್ಪಾದ್ರೆ ಒಂದು ಕ್ರಿಮಿಯೂ ಉಳಿದಿಲ್ಲ ಅಂತ ಅರ್ಥ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಬಾಯಿಯವರೆಗೂ ಬಂತು. ಆದರೆ ಅತ್ತಿಗೆ ನಗುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ನಿಜ ಹೇಳಲಾ, ಟ್ಯಾಂಕು ನನ್ನ ಕಣ್ಣಿಗೂ ಚೆಂದ ಕಂಡಿತು. ಸುಮ್ಮನಾದೆ.

ಕೆಲವು ದಿನಕ್ಕೆ ದೊಡ್ಡಮ್ಮ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದಳು. ಹಾಕಿದ ಊಟ ಹಾಗೇ ತಳಕ್ಕಿಳಿಯುತ್ತಿತ್ತು. ಹೊಸ ಜಾಗ, ಒಗ್ಗಿಕೊಳ್ಳುತ್ತಾಳೆ ಎಂದಳು ಅತ್ತಿಗೆ. ಅಷ್ಟರಲ್ಲಿ ಹುಡುಗಿಯ ಫೋನು ಬಂತು. ಮುಖ ತೋರಿಸುವ ಫೋನು. ತಲೆಯಲ್ಲಿ ಒಂದು ಕೂದಲಿಲ್ಲ, ಬಾಯೊಳಗೆಲ್ಲ ಹುಣ್ಣು, ಮಾತು ಉಸಿರಿನಷ್ಟೇ. ಪಕ್ಕದಲ್ಲಿ ಅಣ್ಣನ ಭುಜ ಕಾಣುತ್ತಿತ್ತು.

"ದೊಡ್ಡಮ್ಮನ್ನ ತೋರ್ಸಿ."

ಅತ್ತಿಗೆ ಹೆಮ್ಮೆಯಿಂದ ಫೋನನ್ನು ಗಾಜಿನ ಮುಂದೆ ಹಿಡಿದಳು. 

"ಅಮ್ಮಾ, ಮರಳು ಯಾಕೆ ಬೆಳ್ಳಗಿದೆ?"

"ಹೊಸದು ಪುಟ್ಟ. ಎಲ್ಲ ಹೊಸದೇ. ಸ್ವಚ್ಛ ಮಾಡಿದೀನಿ."

"ಕಲ್ಲೂ?"

"ಕಲ್ಲೂ."

ನಮ್ಮ ಹುಡುಗಿ ಕಣ್ಣು ಮುಚ್ಚಿಕೊಂಡಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಲು ಅವಳಿಗೆ ಬಾಯಿರಲಿಲ್ಲ. ಹುಣ್ಣಿನ ನಡುವೆ ಒಂದೊಂದೇ ಮಾತು ತೆಗೆದು ಹೇಳಿದಳು. ಮೀನಿನ ಕಕ್ಕಸು, ಉಳಿದ ಊಟ ಎಲ್ಲ ನೀರಿನಲ್ಲಿ ವಿಷವಾಗುತ್ತದೆ, ಅಮೋನಿಯಾ. ಅದನ್ನು ತಿಂದು ಮುಗಿಸುವ ಸೂಕ್ಷ್ಮಜೀವಿಗಳು ಮರಳಲ್ಲಿ, ಕಲ್ಲಲ್ಲಿ, ಆ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿದ್ದವು. ಈಗ ಒಂದೂ ಇಲ್ಲ. ಹೊಸವು ತಾವಾಗಿ ಹುಟ್ಟಿ, ಹರಡಿ, ಬೇರೂರುವವರೆಗೆ ಅದು ಟ್ಯಾಂಕಲ್ಲ, ವಿಷದ ಡಬ್ಬಿ.

"ಎಷ್ಟು ದಿನ ಬೇಕು?" ಅಂದೆ ನಾನು.

"ಗೊತ್ತಿಲ್ಲ ಅತ್ತೆ. ಅದು ಬಂದಾಗ ಬರತ್ತೆ. ನಾವೇನೂ ಮಾಡಕ್ಕಾಗಲ್ಲ."

ಅವಳು ಹೇಳಿದಂತೆ ಒಂದು ಚಿಕ್ಕ ಗಾಜಿನ ನಳಿಕೆಗೆ ಟ್ಯಾಂಕಿನ ನೀರು ತುಂಬಿ, ನೀರು ಪರೀಕ್ಷಿಸುವ ಅವಳ ಪೆಟ್ಟಿಗೆಯ ಎರಡು ಸೀಸೆಗಳಿಂದ ಹನಿ ಹಾಕಿ ಕಾದೆವು. ಹಳದಿ ಉಳಿದರೆ ಕ್ಷೇಮ. ನೀರು ಹಳದಿಯಿಂದ ಹಸಿರಾಯಿತು, ಹಸಿರು ಇನ್ನೂ ಗಾಢವಾಯಿತು. ಅತ್ತಿಗೆಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಳಿಕೆಯನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದಳು.

ದೊಡ್ಡಮ್ಮನನ್ನು ಬಕೆಟ್ಟಿಗೆ ಹಾಕಿದೆವು. ಟ್ಯಾಂಕಿಗೆ ಹಾಕುವ ಉಪ್ಪನ್ನೇ ಕಲಸಿ, ಬೆಚ್ಚಗೆ ಮಾಡಿ, ದಿನಾ ನೀರು ಬದಲಿಸುವುದು ಎಂದಾಯಿತು. ಆ ಸಂಜೆ ಹುಡುಗಿಯಿಂದ ಒಂದು ಸಂದೇಶ ಬಂತು. "ಇಲ್ಲಿ ಆಸ್ಪತ್ರೆ ಕೆಳಗಡೆ ಹಾಲಲ್ಲಿ ಉಪ್ಪುನೀರಿನ ಟ್ಯಾಂಕಿದೆ. ಅಲ್ಲಿಂದ ಒಂದು ಹಳೇ ಕಲ್ಲು ಕೇಳಿ ತಂದು ನಮ್ಮದಕ್ಕೆ ಹಾಕಿ. ಕೊಳೆಯಾಗಿರೋದೇ ಬೇಕು." ಆಮೇಲೆ ಅವಳಿಗೆ ಜ್ವರ ಬಂತು, ಸಂದೇಶ ನಿಂತಿತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಸೊನ್ನೆಯದೇ ಮಾತು. ಬೆಳಿಗ್ಗೆ ಅಣ್ಣ ಫೋನು ಮಾಡಿ, "ಇವತ್ತೂ ಸೊನ್ನೆ" ಎನ್ನುತ್ತಿದ್ದ. ಅವಳ ಬಿಳಿ ರಕ್ತಕಣದ ಲೆಕ್ಕ. ಅದು ಸೊನ್ನೆ ಬಿಟ್ಟು ಮೇಲೇಳಬೇಕು. ಇತ್ತ ಟ್ಯಾಂಕಿನ ವಿಷ ಸೊನ್ನೆಗೆ ಇಳಿಯಬೇಕು. ಒಂದು ಕಡೆ ಸೊನ್ನೆ ಬೇಡ, ಇನ್ನೊಂದು ಕಡೆ ಸೊನ್ನೆಯೇ ಬೇಕು, ಎರಡೂ ಕಡೆ ನಮ್ಮ ಕೈಯಲ್ಲಿ ಏನೂ ಇಲ್ಲ. ಹೊಲಿಗೆ ಬಿಟ್ಟರೆ ಹಾಕಬಹುದು, ಬಟ್ಟೆ ಸಾಲದಿದ್ದರೆ ತೇಪೆ ಕೊಡಬಹುದು. ಇದಕ್ಕೆ ಯಾವ ಸೂಜಿ ಹಾಕುವುದು? ಅಂಗಡಿಯಲ್ಲಿ ಕೂತರೆ ಎಲ್ಲರ ಮೇಲೂ ರೇಗುತ್ತಿದ್ದೆ. ಸೊಂಟ ಸಡಿಲ ಮಾಡಿ ಎಂದು ಬಂದವನೊಬ್ಬನಿಗೆ, "ತಿನ್ನೋದು ಕಮ್ಮಿ ಮಾಡಪ್ಪ" ಎಂದು ಪ್ಯಾಂಟು ವಾಪಸು ಕೊಟ್ಟೆ.

ಒಂದು ಬೆಳಿಗ್ಗೆ ಬಕೆಟ್ಟಿನ ಮುಂದೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಂಡಿತು. ದೊಡ್ಡಮ್ಮ ಒಂದು ಮಗ್ಗುಲಿಗೆ ವಾಲಿದ್ದಳು. ನನಗೆ ತಡೆಯಲಾಗಲಿಲ್ಲ.

"ಕೈ ಕಟ್ಕೊಂಡು ಕೂತಿರಕ್ಕೆ ಆಗ್ತಿರ್ಲಿಲ್ವಾ ನಿಂಗೆ? ಏನೂ ಮಾಡ್ಬೇಡಿ ಅಂದಿದ್ಲು ಅವಳು. ಏನೂ ಮಾಡ್ದೇ ಇರೋದು ಅಷ್ಟು ಕಷ್ಟವಾ?"

"ಹೂಂ, ಕಷ್ಟ!" ಅತ್ತಿಗೆ ಎದ್ದು ನಿಂತಳು. "ನಿಂಗೇನು ಗೊತ್ತು ಅದರ ಕಷ್ಟ? ನಾನು ಹೆತ್ತ ಮಗು ಕಣೇ ಅಲ್ಲಿ ಮಲಗಿರೋದು. ಒಂದು ಸೀನಿಗೆ ಆಚೆ ದಬ್ಬಿದ್ರು ನನ್ನ. ಏನ್ಮಾಡ್ಲಿ ನಾನು, ಹೇಳು? ಗೋಡೆ ನೋಡ್ತಾ ಕೂತ್ಕೊಳ್ಳಾ?" ಮತ್ತೆ ಕುಕ್ಕರಿಸಿ, ಬಕೆಟ್ಟಿನ ಅಂಚು ಹಿಡಿದುಕೊಂಡಳು. "ಇದು ಬದುಕಿದ್ರೆ ಅವಳೂ ಬದುಕ್ತಾಳೆ ಅಂತ ಮನಸಲ್ಲಿ ಅಂದ್ಕೊಂಡ್ಬಿಟ್ಟಿದೀನಿ. ನರ್ಸು ನಾನು. ಹಂಗೆಲ್ಲ ಅಂದ್ಕೋಬಾರ್ದು ಅಂತ ಗೊತ್ತು. ಅಂದ್ಕೊಂಡ್ಬಿಟ್ಟೆ. ಈಗ ವಾಪಸ್ ತಗೊಳ್ಳಕ್ಕೆ ಆಗ್ತಾ ಇಲ್ಲ."

ಜ್ವರದ ಗಾಬರಿಯಲ್ಲಿ ಬಿಟ್ಟಿದ್ದ ಹಳೇ ಕಲ್ಲಿನ ಮಾತು ನೆನಪಾಗಿ, ಇಬ್ಬರೂ ಹುಡುಗಿಯ ಆಸ್ಪತ್ರೆಗೆ ಹೊರಟೆವು.

ಆಸ್ಪತ್ರೆಯ ಕೆಳಗಿನ ಹಾಲಿನಲ್ಲಿ, ಚೀಟಿ ಮಾಡಿಸುವ ಸಾಲಿನ ಪಕ್ಕದಲ್ಲಿ, ಗೋಡೆಯಷ್ಟು ಉದ್ದದ ಟ್ಯಾಂಕು. ಸ್ಟೂಲಿನ ಮೇಲೆ ನಿಂತು ದಪ್ಪ ಮೀಸೆಯವನೊಬ್ಬ ಗಾಜು ಕೆರೆಯುತ್ತಿದ್ದ. ಅತ್ತಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅವನ ಹತ್ತಿರ ಹೋಗಿ ನಿಂತಳು. ಇಪ್ಪತ್ತು ವರ್ಷ ಆಸ್ಪತ್ರೆಯಿಂದ ಕೊಳೆ ಹೊರಗೆ ಹಾಕಿದವಳು, ಆಸ್ಪತ್ರೆಗೇ ಬಂದು, "ಸ್ವಲ್ಪ ಕೊಳೆ ಕೊಡ್ತೀರಾ?" ಎಂದು ಕೇಳಿದಳು.

"ಏನು?"

"ಕೊಳೆ. ಕೊಳೆ ಇರೋ ಕಲ್ಲು."

ಮೀಸೆಯವ ಬಿದ್ದು ಬಿದ್ದು ನಕ್ಕ. "ಎಲ್ಲರೂ ಮೀನು ಕೇಳ್ತಾರೆ ತಾಯಿ, ಕೊಳೆ ಕೇಳಿದ್ದು ನೀವೇ ಮೊದಲು. ನಂದೇನು ಕಂತ್ರಾಟು ಅಷ್ಟೇ, ಕಲ್ಲು ಎಣಿಸೋರು ಯಾರಿದ್ದಾರೆ." ಆದರೆ ಬೇಯಿಸಿದ ಕಲ್ಲಿನ ಕತೆ ಕೇಳಿದ ಮೇಲೆ ಅವನ ನಗು ನಿಂತಿತು. ನೇರಳೆ ಹಕ್ಕಳೆ ಕಟ್ಟಿದ ಒಂದು ಕಲ್ಲು ಎತ್ತಿ ಚೀಲದ ನೀರಿಗೆ ಹಾಕಿದ, ಸ್ಪಂಜು ಹಿಂಡಿದ ಕಂದು ನೀರನ್ನೂ ಒಂದು ಬಾಟಲಿಗೆ ತುಂಬಿದ. "ಹಾಕ್ಬಿಟ್ಟು ಬಿಟ್ಬಿಡಿ. ಮುಟ್ಬೇಡಿ, ಕಲಕ್ಬೇಡಿ. ಮೀನಿಲ್ದಿದ್ರೂ ದಿನಾ ಒಂದು ಚಿಟಿಕೆ ಊಟ ಹಾಕಿ, ಕೊಳೀಲಿ. ಕೊಳೆತ್ರೇನೇ ಅವಕ್ಕೆ ಊಟ. ಹಿಡ್ದ್ರೆ ಹಿಡೀತು, ಇಲ್ಲಾಂದ್ರೆ ಇಲ್ಲ."

"ಮೀನು ಬಕೆಟ್ಟಲ್ಲಿದೆ" ಎಂದಳು ಅತ್ತಿಗೆ. "ಒಂದು ಕಡೆ ವಾಲಿದೆ."

"ಕಿವಿರು ಸುಟ್ಟಿದ್ರೆ ಕಷ್ಟ ತಾಯಿ" ಎಂದು ಮತ್ತೆ ಗಾಜು ಕೆರೆಯಲು ಹತ್ತಿದ.

ಲಿಫ್ಟಿನ ಮುಂದೆ ಅತ್ತಿಗೆ ನಿಂತುಬಿಟ್ಟಳು. ಬಾಗಿಲು ತೆರೆಯಿತು, ಜನ ಹತ್ತಿದರು, ಬಾಗಿಲು ಮುಚ್ಚಿತು. ಮೇಲೆ ಎಲ್ಲೋ ಒಂದು ಕೋಣೆಯಲ್ಲಿ ನಮ್ಮ ಹುಡುಗಿ ಜ್ವರದಲ್ಲಿ ಬೇಯುತ್ತಿದ್ದಳು. ಅತ್ತಿಗೆಗೆ ಕೆಮ್ಮು ಬಂತು. ಮೊಣಕೈಗೆ ಬಾಯಿ ಒತ್ತಿ ಕೆಮ್ಮಿ, ತಾನಾಗಿಯೇ ಹಿಂದೆ ಸರಿದಳು. ಕೊಳೆಯ ಚೀಲವನ್ನು ಎದೆಗೆ ಹಿಡಿದುಕೊಂಡು ಬಸ್ಸಿನಲ್ಲಿ ಕೂತಳು.

ಕಲ್ಲು ಹಾಕಿದೆವು, ಕಂದು ನೀರು ಸುರಿದೆವು. ಬಿಳಿ ಮರಳಿನ ಮೇಲೆ ಅದು ಇಳಿದು ಕೂರುವುದನ್ನು ಅತ್ತಿಗೆ ಹಲ್ಲು ಕಚ್ಚಿಕೊಂಡು ನೋಡಿದಳು. ಮಾರನೆಯ ದಿನ ನಳಿಕೆ ಹಸಿರು. ಅದರ ಮಾರನೆಯ ದಿನವೂ ಹಸಿರು. "ಇವತ್ತೂ ಸೊನ್ನೆ" ಎಂದ ಅಣ್ಣ. ಜ್ವರ ಇಳಿದಿದೆಯಾ ಎಂದರೆ, "ನೋಡೋಣ ಅಂತಾರೆ" ಎಂದ. ಡಾಕ್ಟರೂ ನೋಡೋಣ, ಮೀಸೆಯವನೂ ನೋಡೋಣ. ಲೋಕದಲ್ಲಿ ಎಲ್ಲರೂ ನೋಡುವವರೇ, ಮಾಡುವವರು ಯಾರೂ ಇರಲಿಲ್ಲ.

ದೊಡ್ಡಮ್ಮ ಒಂದು ಬೆಳಿಗ್ಗೆ ಬಕೆಟ್ಟಿನ ತಳದಲ್ಲಿ ಮಲಗಿದ್ದಳು. ಬೆರಳು ಹಾಕಿದೆ. ಕಚ್ಚಲಿಲ್ಲ. ನಾನು ಅಡುಗೆಮನೆಯ ನೆಲದಲ್ಲೇ ಕೂತು ಹೋ ಎಂದು ಅತ್ತೆ. ಒಂದು ಮೀನಿಗೆ ಇಷ್ಟು ಅಳುತ್ತಾರಾ ಎಂದು ಯಾರಾದರೂ ಕೇಳಿದ್ದರೆ ಅವರ ಕಪಾಳಕ್ಕೆ ಬಿಗಿಯುತ್ತಿದ್ದೆ. ಅತ್ತಿಗೆ ಬಂದಳು, ನೋಡಿದಳು. ಅವಳು ಅಂದುಕೊಂಡದ್ದು ನನಗೂ ನೆನಪಿತ್ತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅವಳು ಅಳಲಿಲ್ಲ. ಹಜಾರಕ್ಕೆ ಹೋದಳು. ಊಟದ ಡಬ್ಬಿ ತೆರೆದು, ಒಂದು ಚಿಟಿಕೆ ತೆಗೆದು, ಖಾಲಿ ಟ್ಯಾಂಕಿಗೆ ಹಾಕಿದಳು.

"ಯಾರಿಗೆ ಅತ್ತಿಗೆ ಅದು?" ನನಗೆ ಹೆದರಿಕೆಯಾಯಿತು.

"ಒಳಗೆ ಇರೋರಿಗೆ."

"ಯಾರಿದ್ದಾರೆ ಒಳಗೆ?"

"ಗೊತ್ತಿಲ್ಲ" ಎಂದಳು. "ಇದ್ರೆ ಹಸಿದಿರ್ತಾರೆ."

ದಿನಾ ಹಾಕಿದಳು. ನೆಗಡಿ ಹೋಯಿತು, ಕೆಮ್ಮು ಉಳಿಯಿತು, ಮೇಲೆ ಹತ್ತಲು ಬಿಡಲಿಲ್ಲ. ಹಸಿರು ನಿಧಾನಕ್ಕೆ ತಿಳಿಯಾಗಿ ಹಳದಿಯ ಕಡೆಗೆ ಬಂತು. ನಾನು ಕುಣಿದಾಡುವುದರಲ್ಲಿದ್ದೆ. ಇನ್ನೊಂದು ಸೀಸೆಯ ಹನಿ ಹಾಕಿ ನೋಡಿದರೆ ಇನ್ನೊಂದು ವಿಷ, ಕಡು ನೇರಳೆ. ಮೊದಲಿನದನ್ನು ತಿನ್ನುವ ಜೀವಿಗಳು ಬಂದು ಎರಡನೆಯದನ್ನು ಹುಟ್ಟಿಸಿವೆ, ಎರಡನೆಯದನ್ನು ತಿನ್ನುವವು ಇನ್ನೂ ಬರಬೇಕು ಎಂದ ಮೀಸೆಯವ ಫೋನಿನಲ್ಲಿ. ಒಂದು ಪೀಡೆ ತೊಲಗಿದರೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಅಷ್ಟರಲ್ಲಿ ಮರಳಿನ ಮೇಲೆ, ಗಾಜಿನ ಒಳಗೆ, ತುಕ್ಕಿನಂಥ ಕಂದು ಪುಡಿ ಹಬ್ಬತೊಡಗಿತು. ಅತ್ತಿಗೆಯ ಬೆರಳುಗಳು ಬಟ್ಟೆಗಾಗಿ ತಡಕಾಡುವುದನ್ನು ನಾನೇ ಕಣ್ಣಾರೆ ಕಂಡೆ. ಒರೆಸಲಿಲ್ಲ.

ಒಂದು ಮಧ್ಯಾಹ್ನ ಫೋನು ಬಂತು. ಜ್ವರ ಬಿಟ್ಟಿತ್ತು. ಹುಡುಗಿಯ ಮುಖ ಅಂಗೈಯಷ್ಟಾಗಿತ್ತು, ಆದರೆ ಮಾತು ಮೊದಲಿಗಿಂತ ಬಿಡಿಸಿ ಬರುತ್ತಿತ್ತು. "ಟ್ಯಾಂಕು ತೋರ್ಸಿ" ಎಂದಳು. ಅತ್ತಿಗೆ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಫೋನು ಗಾಜಿನ ಮುಂದೆ ಹೋಯಿತು.

"ಅಯ್ಯೋ, ಕಂದು ಬಂದಿದೆ!" ಹುಡುಗಿ ನಕ್ಕಳು, ಹುಣ್ಣು ನೋಯುವಂತೆ ನಕ್ಕಳು. "ಅಮ್ಮಾ, ನೀನು ಒರೆಸಿಲ್ಲ! ಅದು ಬಂದ್ರೆ ಹಿಡೀತಿದೆ ಅಂತ ಅರ್ಥ. ಅಪ್ಪಾ, ನೋಡಿಲ್ಲಿ, ಅಮ್ಮ ಒರೆಸಿಲ್ಲ!" ಆಮೇಲೆ, "ದೊಡ್ಡಮ್ಮ ಎಲ್ಲಿ? ಬಕೆಟ್ಟಲ್ಲಾ?"

"ಹೂಂ ಪುಟ್ಟ, ಬಕೆಟ್ಟಲ್ಲೇ, ನಿದ್ದೆ ಮಾಡ್ತಿದ್ದಾಳೆ..." ಎಂದು ನಾನು ಶುರುಮಾಡಿದೆ. ಸುಳ್ಳು ಹೇಳಲು ನನಗೇನು ಬರ. ಅತ್ತಿಗೆ ಫೋನನ್ನು ತನ್ನ ಮುಖದ ಕಡೆಗೆ ತಿರುಗಿಸಿಕೊಂಡಳು.

"ಇಲ್ಲ. ಸತ್ತೋದ್ಲು. ನಾನೇ ಸಾಯ್ಸಿದ್ದು ಪುಟ್ಟ, ತೊಳೆದು ತೊಳೆದು."

ಅಣ್ಣನ ಕೈ ಬಂದು ಹುಡುಗಿಯ ತಲೆಯ ಮೇಲೆ ಕೂತಿತು.

"ಮತ್ತೆ ಯಾರಿಗೆ ಅಮ್ಮಾ ಇದೆಲ್ಲ ಮಾಡ್ತಿದ್ದೀಯ?"

"ನಿಂಗೆ. ನೀನು ಬರೋ ಹೊತ್ತಿಗೆ ರೆಡಿ ಇರ್ಲಿ ಅಂತ. ನಿಂಗೆ ಬೇಕಾದ್ದು ಬಿಟ್ಕೋಬಹುದು."

"ನಂದಿನ್ನೂ ಸೊನ್ನೆನೇ ಅಮ್ಮಾ" ಎಂದಳು ಹುಡುಗಿ. ಅವಳ ದನಿಯಲ್ಲಿ ದೂರಿರಲಿಲ್ಲ. ಇವತ್ತು ಮೋಡ ಇದೆ ಎನ್ನುವ ಹಾಗೆ ಹೇಳಿದಳು. "ನಾನು ಬರ್ದೇ ಇದ್ರೆ?"

ಅತ್ತಿಗೆ ಪರದೆಯನ್ನೇ ನೋಡುತ್ತಿದ್ದಳು.

"ದಿನಾ ಒಂದು ಚಿಟಿಕೆ ಹಾಕ್ತಾ ಇರ್ತೀನಿ" ಎಂದಳು.

"ಸರಿ" ಎಂದಳು ಹುಡುಗಿ. "ತೊಳೀಬೇಡ."

ಫೋನು ಕಟ್ಟಾಯಿತು. ಬಿಸಿಲು ಗಾಜಿನ ಮೇಲೆ ಬಿದ್ದು ಕಂದು ಪುಡಿ ಇನ್ನಷ್ಟು ಕಾಣುತ್ತಿತ್ತು. ಅತ್ತಿಗೆ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಭಾರ ಬಿಟ್ಟು ಕೂತಳು. ನಾನೂ ಅಂಗಡಿಗೆ ಹೋಗದೆ ಅವಳ ಪಕ್ಕದಲ್ಲಿ ಕೂತೆ.